ಬೆಳ್ಳಗಾದ ಇಪ್ಪತ್ತನಾಲ್ಕು ಹಡಗುಗಳು

"ಈ ಬಾವುಟ ಅಂಟಿಸಿದ್ದು ಯಾರು?"

ಕೇಳಿದವನ ದನಿಯಲ್ಲಿ ಕೋಪವಿತ್ತೋ ನಗುವಿತ್ತೋ ಭಾನುವಿಗೆ ತಿಳಿಯಲಿಲ್ಲ. ತಲೆ ಎತ್ತಿದಳು. ಬಾಗಿಲಲ್ಲಿ ಒಬ್ಬ ನಿಂತಿದ್ದ. ಬಸ್ಸಿನ ಧೂಳು ಇನ್ನೂ ಅಂಗಿಯ ಮೇಲಿತ್ತು. ಅವನ ಅಂಗೈ ಮೇಲೆ, ಅವಳು ಬೆಳಗ್ಗೆಯಿಂದ ಕಣ್ಣು ಕಿರಿದು ಮಾಡಿಕೊಂಡು ಮುಗಿಸಿ ಬಾಗಿಲ ಬಳಿ ಒಣಗಲಿಟ್ಟಿದ್ದ ಮೂರಂಗುಲದ ಹಾಯಿಹಡಗು!

"ನಾನೇ. ಏನಾಯ್ತು?"

"ಯಾವ ಕಡೆಗೆ ಹಾರ್ತಾ ಅದೆ ನೋಡು."

"ಹಿಂದಕ್ಕೆ. ಗಾಡಿ ಮುಂದಕ್ಕೋದ್ರೆ ಬಾವುಟ ಹಿಂದಕ್ಕೆ ತಾನೆ ಹಾರೋದು? ಮಾದಪ್ಪನ ಬೆಟ್ಟಕ್ಕೆ ಓಗೋ ಟ್ರ್ಯಾಕ್ಟರ್ ನೀವು ನೋಡಿಲ್ವಾ?"

ಅವನು ನಗಲಿಲ್ಲ. ಅದೇ ಅವಳಿಗೆ ಮೊದಲು ಇಷ್ಟವಾಗಿದ್ದು. ಹಡಗನ್ನು ಅವಳ ಮುಂದೆ ಇಟ್ಟು, ಬಗ್ಗಿ, ಅದರ ಹಿಂಭಾಗದಿಂದ ಮೆಲ್ಲಗೆ ಊದಿದ.

"ಟ್ರ್ಯಾಕ್ಟರ್‌ಗೆ ಇಂಜಿನ್ ಅದೆ. ಇದ್ಕೆ ಗಾಳಿನೇ ಇಂಜಿನ್. ಹಿಂದಿಂದ ಬರೋ ಗಾಳಿಗೆ ಹಾಯಿ ಮುಂದಕ್ಕೆ ಉಬ್ಬಿರುವಾಗ ಬಾವುಟ ಮಾತ್ರ ಹಿಂದಕ್ಕೆ ಹೆಂಗೆ ಹಾರ್ತದೆ?"

ಅಯ್ಯೋ... ಹೌದಲ್ಲ! ಭಾನುವಿನ ಕೆನ್ನೆ ಕೆಂಪಾಯಿತು. ಒಂದಲ್ಲ, ಎರಡಲ್ಲ, ಹನ್ನೆರಡು ಹಡಗಿಗೂ ಹಾಗೇ ಅಂಟಿಸಿಬಿಟ್ಟಿದ್ದಳು. ಕೆಲಸಕ್ಕೆ ಸೇರಿ ಇನ್ನೂ ಮೂರನೇ ದಿನ. ಇವತ್ತೇ ಮನೆಗೆ ಕಳಿಸುತ್ತಾರೆ ಎಂದುಕೊಂಡು ಅವಳ ಕಣ್ಣು ತುಂಬಿತು.

ಕೆಲಸ ಎಂಥದ್ದು ಎಂದು ಮೊದಲೇ ಹೇಳಿಬಿಡುತ್ತೇನೆ. ಚಾಮರಾಜನಗರದ ಗುರುಪಾದಸ್ವಾಮಿ ಹದಿನೈದು ವರ್ಷ ನೌಕಾಪಡೆಯಲ್ಲಿದ್ದು ಬಂದವರು. ಬರುವಾಗ ಪಿಂಚಣಿಯ ಜೊತೆಗೆ ಒಂದು ಹುಚ್ಚನ್ನೂ ತಂದರು. ಮೇಜಿನ ಮೇಲೆ ನೀಲಿ ಬಟ್ಟೆ ಹಾಸಿದರೆ ಅದು ಸಮುದ್ರ. ಅದರ ಮೇಲೆ ಹಳೆಯ ಕಾಲದ ಪುಟ್ಟ ಯುದ್ಧನೌಕೆಗಳು. ಗಾಳಿ ಯಾವ ಕಡೆಯದು ಎಂದು ತೋರಿಸಲು ಒಂದು ಬಾಣ, ತೋಪಿನ ಗುಂಡು ತಗುಲಿತೋ ಇಲ್ಲವೋ ಎಂದು ಹೇಳಲು ದಾಳ. ದೇಶವಿದೇಶದಲ್ಲಿ ಈ ಆಟ ಆಡುವವರಿದ್ದಾರೆ. ಅವರಿಗೆ ಆಡುವ ಆಸೆ ಬಹಳ, ಹಡಗು ಕಟ್ಟಿ ಬಣ್ಣ ಹಚ್ಚುವ ತಾಳ್ಮೆ ಕಡಿಮೆ. ಆ ತಾಳ್ಮೆಯನ್ನು ಗುರುಪಾದಸ್ವಾಮಿ ಭುವನೇಶ್ವರಿ ಸರ್ಕಲ್ ಹಿಂದಿನ ಬೀದಿಯ ಒಂದು ಮಹಡಿ ಮೇಲಿಂದ ಕಳಿಸಿಕೊಡುತ್ತಿದ್ದರು. ಸಮುದ್ರವನ್ನೇ ಕಾಣದ ಊರಿನಲ್ಲಿ ಹಡಗು ತಯಾರಾಗುತ್ತದೆ ಎಂದರೆ ಹತ್ತಿರದ ಹಳ್ಳಿ ಉಡಿಗಾಲದಲ್ಲಿ ಭಾನುವಿನ ಅಪ್ಪ ಮೂಗಯ್ಯನೂ ಮೊದಮೊದಲು ನಂಬಿರಲಿಲ್ಲ.

ಬಾಗಿಲಲ್ಲಿ ನಿಂತವನು ನಿಂಗರಾಜು. ಗುಂಡ್ಲುಪೇಟೆ ಆಚೆಯ ಹಂಗಳದವನು. ಹಡಗಿನ ಕಂಬಗಳಿಗೆ ಕೂದಲೆಳೆಯಂಥ ದಾರ ಬಿಗಿಯುವುದು ಅವನ ಕೆಲಸ. ಒಂದು ವಾರ ರಜೆಯಲ್ಲಿದ್ದು ಅವತ್ತೇ ಬಂದಿದ್ದ. ಅವನು ಸ್ಟೂಲು ಎಳೆದುಕೊಂಡು ಅವಳ ಎದುರಿಗೆ ಕೂತ. ಬ್ಲೇಡು ತೆಗೆದ. ಒಂದೊಂದೇ ಬಾವುಟವನ್ನು, ಕಂಬಕ್ಕೆ ಗೀರು ಬೀಳದಂತೆ ಬಿಡಿಸಿ ಅವಳ ಕೈಗಿಟ್ಟ. ಅವಳು ಮುಂದಕ್ಕೆ ತಿರುಗಿಸಿ ಅಂಟಿಸಿದಳು.

ಹನ್ನೊಂದು ಮುಗಿಯಿತು. ಹನ್ನೆರಡನೆಯದನ್ನು ಅವನು ಬಹಳ ಹೊತ್ತು ತಿರುಗಿಸಿ ನೋಡಿದ.

"ಇದ್ರ ಕಂಬ ಸೀಳೋಗದೆ, ಬುಡು. ಇನ್ನೊಂದು ಕಟ್ಕೊಡ್ತೀನಿ. ಸಾರ್‌ಗೆ ಹೇಳ್ಬೇಡ" ಎಂದು ಅದನ್ನು ಅಂಗಿಯ ಜೇಬಿಗೆ ಹಾಕಿಕೊಂಡ.

ಎಸೆಯಲು ಒಯ್ದ ಎಂದು ಭಾನು ನಂಬಿದಳು. ನಾವೂ ಸದ್ಯಕ್ಕೆ ಹಾಗೇ ನಂಬೋಣ.

*

ಪ್ರೀತಿ ಯಾವತ್ತು ಶುರುವಾಯಿತು ಎಂದು ಕೇಳಿದರೆ ಇಬ್ಬರಿಗೂ ಹೇಳಲು ಬರುವುದಿಲ್ಲ. ಅವಳ ಬ್ರಶ್ಶಿನ ತುದಿ ಹಾಳಾದರೆ ಅವನು ಎಂಜಲು ತಾಗಿಸಿ ಚೂಪು ಮಾಡಿಕೊಡುತ್ತಿದ್ದ. ಅವನು ದಾರಕ್ಕೆ ಸವರಲು ಕಾಡಂಚಿನಿಂದ ತಂದ ಜೇನುಮೇಣದ ವಾಸನೆ ಅವಳ ದುಪಟ್ಟಾಕ್ಕೂ ಹತ್ತುತ್ತಿತ್ತು. ಮಧ್ಯಾಹ್ನ ಅವಳ ಡಬ್ಬಿಯ ಉಪ್ಸಾರಿನಲ್ಲಿ ಅವನಿಗೂ ಪಾಲು. ಹಡಗಿನ ಒಡಲಿಗೆ ಅವಳು ಕಪ್ಪು, ಹಳದಿ ಪಟ್ಟೆ ಎಳೆಯುವಾಗ ಅವನು ಉಸಿರು ಬಿಗಿಹಿಡಿದು ನೋಡುತ್ತಿದ್ದ. ತೋಪಿನ ಕಿಂಡಿಗಳು ಸಾಸಿವೆ ಕಾಳಿಗಿಂತ ಚಿಕ್ಕವು. ಅವಕ್ಕೂ ಅವಳು ಒಳಗೆ ಕೆಂಪು ಹಚ್ಚುತ್ತಿದ್ದಳು.

"ಯಾರು ನೋಡ್ತಾರೆ ಅಂತ ಒಳಗಡೆಗೂ ಹಚ್ತೀಯ?" ಎಂದು ಒಮ್ಮೆ ಕೇಳಿದ್ದ.

"ನೀನು ನೋಡ್ದಲ್ಲ" ಎಂದಿದ್ದಳು.

ಅವತ್ತು ಸಂಜೆಯ ತನಕ ಅವನು ಕಟ್ಟಿದ ಒಂದು ಗಂಟೂ ನೆಟ್ಟಗೆ ಬೀಳಲಿಲ್ಲ!

ಆ ಮಹಡಿಯಲ್ಲಿ ಒಂದೇ ಒಂದು ಕಟ್ಟುನಿಟ್ಟಿನ ನಿಯಮವಿತ್ತು. ದಾರದ ಗಂಟಿಗೆ ಇಡುವ ಗಮ್ಮು ಬೇಗ ಹಿಡಿದರೂ ಅದರ ಆವಿ ಹೋಗಲು ಹೊತ್ತು ಬೇಕು. ಹಡಗುಗಳನ್ನು ಡಬ್ಬಿಗೆ ಇಳಿಸಿದ ಮೇಲೆ ಒಂದು ಇಡೀ ರಾತ್ರಿ ಮುಚ್ಚಳ ತೆರೆದಿರಬೇಕು. ಬೆಳಗ್ಗೆ ಬಂದು ಮುಚ್ಚಬೇಕು. ಡಬ್ಬಿ ತುಂಬುವುದೂ ಮುಚ್ಚುವುದೂ ಭಾನುವಿನ ಪಾಲಿನ ಕೆಲಸವಾಗಿತ್ತು.

ಆ ವರ್ಷ ದೊಡ್ಡ ಕೆಲಸ ಬಂತು. ಇಂಗ್ಲೆಂಡಿನ ಒಂದು ಊರಿನ ಆಟಗಾರರ ಬಳಗಕ್ಕೆ ಇಪ್ಪತ್ತನಾಲ್ಕು ಹಡಗು. ಅವರಲ್ಲಿ ಎಲ್ಲರಿಗಿಂತ ಹಿರಿಯರಿಗೆ ಎಂಬತ್ತು ತುಂಬುವ ದಿನ ಆ ಹಡಗುಗಳಲ್ಲಿ ಆಡಬೇಕೆಂದು ಅವರ ಆಸೆ. ಐದು ತಿಂಗಳು ಇಬ್ಬರೂ ತಲೆ ಎತ್ತಲಿಲ್ಲ. ಗುರುಪಾದಸ್ವಾಮಿ ಬಂದವರಿಗೆಲ್ಲ ಹಡಗು ತೋರಿಸಿ, "ಭಾನು ಕೈಯಲ್ಲಿ ಒಂದು ತಪ್ಪು ಹುಡುಕಿ ನೋಡೋಣ" ಎನ್ನುತ್ತಿದ್ದರು.

ಕೊನೆಯ ದಿನ, ಶುಕ್ರವಾರ. ಮಳೆಯ ತಂಡಿಗೆ ಕೆಲವು ದಾರ ಸಡಿಲಾಗಿದ್ದವು. ನಿಂಗರಾಜು ಮಧ್ಯಾಹ್ನವೆಲ್ಲ ಕೂತು ಬಿಗಿದು, ಗಮ್ಮು ಇಟ್ಟು ಮುಗಿಸಿದ. ಸಂಜೆ ಬಸ್ಸಿಗೆ ಹೊರಡುವ ಮುಂಚೆ ಅವಳ ಮೇಜಿನ ಹತ್ತಿರ ನಿಂತ.

"ನಾಳೆ ಶ್ರಾವಣ ಶನಿವಾರ. ಗೋಪಾಲಸ್ವಾಮಿ ಬೆಟ್ಟಕ್ಕೆ ಹೋಗನ ಬತ್ತೀಯ? ಒಂದು ಮಾತು ಹೇಳ್ಬೇಕು ನಿಂಗೆ."

ಯಾವ ಮಾತು ಎಂದು ಅವಳು ಕೇಳಲಿಲ್ಲ. ಕೇಳುವ ಅಗತ್ಯವೂ ಇರಲಿಲ್ಲ. ಅವನು ಮೆಟ್ಟಿಲಿಳಿದು ಹೋದ ಮೇಲೆ ಅವಳು ಒಬ್ಬಳೇ ಡಬ್ಬಿಗಳ ಮುಂದೆ ನಿಂತಳು. ಬೆಳಗ್ಗೆ ಬಂದು ಮುಚ್ಚಿ ಹೊರಟರೆ ಮೊದಲ ಬಸ್ಸು ತಪ್ಪುತ್ತದೆ. ಅವನು ಗುಂಡ್ಲುಪೇಟೆ ಬಸ್ ಸ್ಟ್ಯಾಂಡಿನಲ್ಲಿ ಕಾಯುತ್ತಿರುತ್ತಾನೆ...

'ಒಂದು ದಿನಕ್ಕೆ ಏನಾಗ್ತದೆ?' ಎಂದುಕೊಂಡಳು. ಇಪ್ಪತ್ತನಾಲ್ಕು ಮುಚ್ಚಳವನ್ನೂ ಒಂದೊಂದಾಗಿ ಒತ್ತಿ, ಟೇಪು ಸುತ್ತಿ, ಕೊರಿಯರ್‌ನವನಿಗೆ ಕೊಡಲು ಸಿದ್ಧ ಮಾಡಿಟ್ಟಳು. ದೊಡ್ಡ ಕೆಲಸ ಮುಗಿಯಿತೆಂದು ಸಾರ್ ಶನಿವಾರ ರಜೆ ಕೊಟ್ಟಿದ್ದರೂ ಮನೆಯಲ್ಲಿ, ನಾಳೆಯೂ ಕೆಲಸವಿದೆ ಎಂದು ಸುಳ್ಳು ಹೇಳಿದಳು.

ಬೆಟ್ಟದ ಮೇಲೆ ಮಂಜು ಎಷ್ಟಿತ್ತೆಂದರೆ ಎದುರಿಗಿದ್ದವರ ಮುಖ ಕಾಣುತ್ತಿರಲಿಲ್ಲ. ಅದೇ ಧೈರ್ಯದ ಮೇಲೆ ಅವನು ಹೇಳಿಬಿಟ್ಟ.

"ಈ ಹಡಗು ಊರು ಸೇರ್ಲಿ ಭಾನು. ನಮ್ಮವ್ವನ್ನ ಉಡಿಗಾಲಕ್ಕೆ ಕಳಿಸ್ತೀನಿ. ಒಪ್ಪಿಗೆ ಅದಾ?"

ಅವಳು ಮಂಜಿನಲ್ಲೇ ತಲೆಯಾಡಿಸಿದಳು. ಅವನಿಗೆ ಕಾಣಲಿಲ್ಲವೇನೋ ಎಂಬ ಅನುಮಾನದಿಂದ ಅವನ ಅಂಗಿಯ ತೋಳು ಹಿಡಿದುಕೊಂಡಳು. ಬಸ್ಸು ಬರುವ ತನಕ ಬಿಡಲಿಲ್ಲ. ಅವಳ ಬದುಕಿನಲ್ಲಿ ಅಷ್ಟು ಸಂತೋಷದ ದಿನ ಅದಕ್ಕೂ ಮುಂಚೆ ಇರಲಿಲ್ಲ. ಆಮೇಲೂ ಬಹಳ ಕಾಲ ಬರಲಿಲ್ಲ.

*

ಹನ್ನೆರಡು ದಿನಕ್ಕೆ ಫೋಟೋಗಳು ಬಂದವು.

ಗುರುಪಾದಸ್ವಾಮಿ ಫೋನನ್ನು ಮೇಜಿನ ಮೇಲಿಟ್ಟರು. ಭಾನು ಬಗ್ಗಿ ನೋಡಿದಳು. ಕಪ್ಪಿಲ್ಲ, ಹಳದಿಯಿಲ್ಲ, ಕೆಂಪಿಲ್ಲ... ಇಪ್ಪತ್ತನಾಲ್ಕು ಹಡಗೂ ವಿಭೂತಿ ಬಳಿದ ಹಾಗೆ ಬೆಳ್ಳಗಾಗಿದ್ದವು! ಆ ಬಳಗದವರು ಕೆಟ್ಟ ಮಾತು ಒಂದನ್ನೂ ಬರೆದಿರಲಿಲ್ಲ. ಹಿರಿಯರ ಹುಟ್ಟುಹಬ್ಬಕ್ಕೆ ಹಳೆಯ ಕಾಗದದ ಹಡಗುಗಳಲ್ಲೇ ಆಡಿದೆವು, ಇವನ್ನು ವಾಪಸು ಕಳಿಸುತ್ತಿದ್ದೇವೆ ಎಂದಷ್ಟೇ ಬರೆದಿದ್ದರು. ಬೈದಿದ್ದರೇ ವಾಸಿಯಿತ್ತು.

"ಗಮ್ಮಿನ ಆವಿ ಬಣ್ಣದ ಮೇಲೆ ಕೂತಿದೆ" ಎಂದರು ಗುರುಪಾದಸ್ವಾಮಿ. "ಗಮ್ಮು ಜಾಸ್ತಿ ಆಗಿರಬೇಕು. ಇಲ್ಲಾ ಮುಚ್ಚಳ ಬೇಗ ಮುಚ್ಚಿರಬೇಕು. ಯಾರು?"

ಭಾನು ಫೋಟೋದ ಮೇಲಿನ ಕಣ್ಣು ತೆಗೆಯಲಿಲ್ಲ. ಹೇಳಬೇಕು... ಹೇಳಿದರೆ ಯಾಕೆ ಮುಚ್ಚಿದೆ ಎಂದು ಕೇಳುತ್ತಾರೆ. ಬೆಟ್ಟದ ವಿಷಯ ಬರುತ್ತದೆ. ಅಪ್ಪನ ಕಿವಿಗೆ ಬೀಳುತ್ತದೆ. ಕೆಲಸಕ್ಕೆ ಹೋಗುತ್ತೇನೆಂದು ಹೇಳಿ ಹುಡುಗನ ಜೊತೆ ಸುತ್ತಿದಳು ಎಂದು ಉಡಿಗಾಲವೆಲ್ಲ ಆಡಿಕೊಳ್ಳುತ್ತದೆ...

"ನಂದೇ ತಪ್ಪು ಸಾ."

ಹೇಳಿದವನು ನಿಂಗರಾಜು. ತಲೆ ತಗ್ಗಿಸಿ ನಿಂತಿದ್ದ.

ಆ ಒಂದು ಗಳಿಗೆ ಭಾನು ಬಾಯಿ ತೆರೆಯಬಹುದಿತ್ತು. ತೆರೆಯಲಿಲ್ಲ. ಗುರುಪಾದಸ್ವಾಮಿ ಫೋನನ್ನು ಜೇಬಿಗೆ ಹಾಕಿಕೊಂಡು, "ನಾಳೆಯಿಂದ ಬರಬೇಡ" ಎಂದರು. ಅವನು ತನ್ನ ಚಿಮುಟವನ್ನು ಒರೆಸಿ ಡ್ರಾಯರಿನಲ್ಲಿಟ್ಟ. ಅವಳ ಕಡೆ ನೋಡದೆ ಮೆಟ್ಟಿಲಿಳಿದ.

'ನನ್ನನ್ನು ಉಳಿಸಲು ಹೇಳಿದ. ನಾಳೆ ನಾನೇ ಸಾರ್‌ಗೆ ನಿಜ ಹೇಳ್ತೀನಿ' ಎಂದು ಅವಳು ತನಗೇ ಮಾತು ಕೊಟ್ಟುಕೊಂಡಳು. ನಾಳೆ ಬಂತು, ನಾಡಿದ್ದು ಬಂತು. ಪ್ರತಿ ದಿನ ಆ ಮಾತು ಗಂಟಲ ತನಕ ಬಂದು ನಿಂತಿತು. ನಾಲ್ಕನೇ ದಿನ ಅವನ ಮೆಸೇಜು ಬಂತು.

'ಕ್ಷಮಿಸು ಭಾನು. ಇನ್ನು ನಿನ್ನ ಮುಂದೆ ಬರಲ್ಲ.'

ಅವಳು ಓದಿದ್ದು ಹೀಗೆ. ನಾನು ಹೊತ್ತುಕೊಂಡೆ, ನೀನು ಬಾಯಿ ಮುಚ್ಚಿಕೊಂಡು ನಿಂತೆ, ಅಂಥವಳ ಸಹವಾಸ ನನಗೆ ಸಾಕು. ತಪ್ಪು ಮಾಡಿದ ಮನಸ್ಸು ಬೇರೆ ಹೇಗೆ ಓದಲು ಸಾಧ್ಯ? ಉತ್ತರ ಬರೆಯಲು ಹತ್ತು ಸಲ ಕೂತಳು, ಹತ್ತು ಸಲವೂ ಅಳಿಸಿದಳು. ಅವನಿಗೆ ಹೋಗಬೇಕಾದ ಮಾತು ಹೋಗಲೇ ಇಲ್ಲ.

*

ಮೂರು ವರ್ಷವಾಯಿತು.

ಭಾನು ಈಗ ಬಣ್ಣವನ್ನೂ ಹಚ್ಚುತ್ತಾಳೆ, ದಾರವನ್ನೂ ಕಟ್ಟುತ್ತಾಳೆ. ದಾರ ಅವಳ ಕೈಗೆ ಒಗ್ಗಲೇ ಇಲ್ಲ. ಎರಡು ಸಂಬಂಧ ಬಂದವು, ಎರಡನ್ನೂ ಬೇಡವೆಂದಳು. ಮೂಗಯ್ಯ ಕಾರಣ ಕೇಳಿದ. ಅವಳು ಹೇಳಲಿಲ್ಲ. ನಿಂಗರಾಜು ಗುಂಡ್ಲುಪೇಟೆಯಲ್ಲಿ ಲಾರಿಗಳಿಗೆ ಸ್ಟಿಕ್ಕರ್ ಅಂಟಿಸುವ ಅಂಗಡಿಯಲ್ಲಿದ್ದಾನೆ ಎಂದು ಯಾರೋ ಹೇಳಿದರು. ಅವತ್ತು ಮಧ್ಯಾಹ್ನ ಅವಳು ಊಟದ ಡಬ್ಬಿ ತೆರೆಯಲಿಲ್ಲ.

ವಾಪಸು ಬಂದಿದ್ದ ಹಡಗುಗಳು ಬೀರುವಿನ ಕೆಳಗಿನ ಖಾನೆಯಲ್ಲಿದ್ದವು. ಅದನ್ನು ಯಾರೂ ತೆರೆಯುತ್ತಿರಲಿಲ್ಲ. ಈ ವರ್ಷ ಆಷಾಢದ ಒಂದು ಶನಿವಾರ ಅವಳು ಅದರಿಂದ ಒಂದು ಹಡಗನ್ನು ತೆಗೆದು ಕರವಸ್ತ್ರದಲ್ಲಿ ಸುತ್ತಿ ಮನೆಗೆ ತಂದಳು. ಬಣ್ಣವನ್ನೆಲ್ಲ ಕೆರೆದು ಹೊಸದಾಗಿ ಹಚ್ಚಬೇಕು ಎಂದು. ಅದರಿಂದ ಯಾರಿಗೂ ಏನೂ ಸಿಗುವುದಿಲ್ಲ ಎಂದು ಅವಳಿಗೂ ಗೊತ್ತಿತ್ತು. ಆದರೂ ಕೈ ಸುಮ್ಮನಿರಲಿಲ್ಲ.

ಭಾನುವಾರ ಬೆಳಗ್ಗೆ ಅವಳ ತಾಯಿ ಮಲ್ಲಿಗಮ್ಮ ಜಗುಲಿಯಲ್ಲಿ ಕೂತು, ತಲೆಗೆ ಎಣ್ಣೆ ಒತ್ತಿಕೊಡು ಎಂದಳು. ಭಾನು ಕೊಬ್ಬರಿ ಎಣ್ಣೆ ಒತ್ತಿ, ಜಡೆ ಹಾಕಿ, ಕೈ ತೊಳೆಯದೆ ಒಳಗೆ ಬಂದಳು. ಕಿಟಕಿಯಲ್ಲಿದ್ದ ಹಡಗು ಗಾಳಿಗೆ ಜಾರುತ್ತಿತ್ತು. ಬೀಳದಿರಲಿ ಎಂದು ಹಿಡಿದುಕೊಂಡಳು.

ಬೆರಳು ತೆಗೆದು ನೋಡಿದಳು.

ಹೆಬ್ಬೆರಳು ತಾಗಿದ ಜಾಗದಲ್ಲಿ ಬಿಳುಪು ಇರಲಿಲ್ಲ. ಅಲ್ಲಿ ಕಪ್ಪಿತ್ತು... ಅದರ ಪಕ್ಕ ಅವಳೇ ಎಳೆದಿದ್ದ ಹಳದಿ ಪಟ್ಟೆ... ಅದರೊಳಗೆ ಸಾಸಿವೆಗಿಂತ ಚಿಕ್ಕ ಕಿಂಡಿಯ ಕೆಂಪು! ಬ್ರಶ್ಶಿನ ತುದಿಯಲ್ಲಿ ಎಣ್ಣೆ ಅದ್ದಿ ಉಳಿದ ಕಡೆಗೂ ಸವರಿದಳು. ಐದು ನಿಮಿಷಕ್ಕೆ ಆ ಹಡಗು ಮೂರು ವರ್ಷದ ಹಿಂದೆ ಹೇಗಿತ್ತೋ ಹಾಗಾಯಿತು. ಬಣ್ಣ ಎಲ್ಲಿಗೂ ಹೋಗಿರಲಿಲ್ಲ. ಬಿಳುಪಿನ ಕೆಳಗೆ ಇಷ್ಟು ದಿನವೂ ಹಾಗೇ ಇತ್ತು.

ಭಾನು ಅಲ್ಲೇ ಗೋಡೆಗೆ ಒರಗಿ ಕೂತಳು. ತಲೆಗೆ ಹಚ್ಚುವ ಎಣ್ಣೆಯ ಒಂದು ತೊಟ್ಟು ಸಾಕಿತ್ತು! ಅದಕ್ಕಾಗಿ ಅವನು ತಲೆ ತಗ್ಗಿಸಿ ಮೆಟ್ಟಿಲಿಳಿದ. ಅವಳು ಮೂರು ವರ್ಷ ಸುಳ್ಳಿನ ಜೊತೆ ಉಂಡು ಮಲಗಿದಳು.

ಅಳುವಿನ ಸದ್ದಿಗೆ ಮಲ್ಲಿಗಮ್ಮ ಒಳಗೆ ಓಡಿಬಂದು, ಏನಾಯ್ತಮ್ಮಿ ಎಂದು ಕೇಳಿದಳು. ಭಾನು ಎಲ್ಲವನ್ನೂ ಹೇಳಿದಳು. ಬೆಟ್ಟವನ್ನೂ, ಮುಚ್ಚಳವನ್ನೂ, ಅವನನ್ನೂ. ತಾಯಿ ಬೈಯಲಿಲ್ಲ. ಸೆರಗಿನಿಂದ ಮಗಳ ಎಣ್ಣೆ ಕೈ ಒರೆಸುತ್ತಾ, "ಇಷ್ಟನ್ನ ಒಬ್ಳೇ ಹೊತ್ಕೊಂಡಿದ್ದಲ್ಲ" ಎಂದಳು.

*

ಸೋಮವಾರ ಅವಳು ಗುರುಪಾದಸ್ವಾಮಿಯ ಮುಂದೆ ಹಡಗಿಟ್ಟು ನಿಂತಳು.

"ಅವತ್ತು ಮುಚ್ಚಳ ಮುಚ್ಚಿದ್ದು ನಾನು ಸಾ. ಶುಕ್ರವಾರ ಸಾಯಂಕಾಲಾನೇ ಮುಚ್ಬುಟ್ಟೆ."

ಅವರು ಹಡಗನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

"ಅವತ್ತೇ ಹೇಳಿದ್ದರೆ ಇಬ್ಬರಿಗೂ ಬೈದು ಸುಮ್ಮನಾಗ್ತಿದ್ದೆ ಕಣಮ್ಮ. ನಂದೂ ತಪ್ಪಿದೆ. ಏನು ಮಾಡಿದೆ ಅಂತ ಆ ಹುಡುಗನ್ನ ಒಂದು ಮಾತು ಕೇಳಲಿಲ್ಲ. ಹೋಗಿ ಹೇಳು. ಅವನ ಸ್ಟೂಲು ಇಲ್ಲೇ ಇದೆ ಅಂತಲೂ ಹೇಳು."

ತೆರಕಣಾಂಬಿ ಮೇಲೆ ಹೋಗುವ ಬಸ್ಸು ಹಿಡಿದು ಅವಳು ಗುಂಡ್ಲುಪೇಟೆಯಲ್ಲಿ ಇಳಿದಳು. ಊಟಿ ರಸ್ತೆಯ ಬದಿಯಲ್ಲಿ ಅಂಗಡಿ. ಮುಂದೆ ಕೇರಳದ ಲಾರಿ ನಿಂತಿತ್ತು. ಏಣಿಯ ಮೇಲೆ ನಿಂತು ನಿಂಗರಾಜು ಅದರ ಹಣೆಗೆ ಮಲಯಾಳ ಅಕ್ಷರಗಳನ್ನು ಅಂಟಿಸುತ್ತಿದ್ದ. ತನಗೆ ಓದಲು ಬಾರದ ಅಕ್ಷರಗಳನ್ನೂ ಒಂದು ಗೆರೆ ಓರೆಯಾಗದಂತೆ ಅಂಟಿಸುತ್ತಿದ್ದ. ಅದೇ ಕೈ. ಕೂದಲಲ್ಲಿ ಮಾತ್ರ ಅಲ್ಲೊಂದು ಇಲ್ಲೊಂದು ನರೆ ಕಂಡಿತು.

ತಿರುಗಿ ನೋಡಿದ. ಅವನ ಕೈ ನಿಂತಿತು.

ಏಣಿ ಇಳಿದು ಬಂದವನು ಕೂರು ಎನ್ನಲೂ ಮರೆತ. ಅವಳು ಬಾಯಿ ತೆರೆಯುವ ಮೊದಲೇ ಅವನೇ ಶುರು ಮಾಡಿದ. ಮೂರು ವರ್ಷದಿಂದ ಒಳಗೇ ಹೇಳಿಕೊಂಡು ಸವೆದ ಮಾತಿನ ಹಾಗಿತ್ತು.

"ನನ್ನ ಕ್ಷಮ್ಸು ಭಾನು. ಐದು ತಿಂಗ್ಳು ನೀನು ಕಣ್ಣಲ್ಲಿ ಕಣ್ಣಿಟ್ಟು ಹಚ್ಚಿದ ಬಣ್ಣನ ನಾನು ಒಂದು ಮಧ್ಯಾಹ್ನಕ್ಕೆ ಹಾಳು ಮಾಡ್ಬುಟ್ಟೆ. ಬಸ್ಸು ತಪ್ತದೆ ಅಂತ ಗಮ್ಮು ಜಾಸ್ತಿ ಇಟ್ಬುಟ್ಟೆ ಕಣ. ನೀನು ಮೆಸೇಜ್‌ಗೆ ಉತ್ರ ಕೊಡ್ದೆ ಹೋದಾಗ್ಲೇ ಗೊತ್ತಾಯ್ತು, ನನ್ನ ಮುಖ ನೋಡಾಕೂ ನಿಂಗೆ ಇಷ್ಟ ಇಲ್ಲ ಅಂತ. ಇವತ್ತು ಬಂದಿದ್ದೀಯಲ್ಲ... ಅಷ್ಟು ಸಾಕು."

ಭಾನು ಅಂಗಡಿಯ ಬಾಗಿಲು ಹಿಡಿದು ನಿಂತಳು.

ಇವನಿಗೆ ಗೊತ್ತೇ ಇಲ್ಲ! ಅವಳನ್ನು ಉಳಿಸಲು ಅವನು ಸುಳ್ಳು ಹೇಳಿರಲಿಲ್ಲ. ತನ್ನದೇ ತಪ್ಪು ಎಂದು ನಂಬಿ ಹೇಳಿದ್ದ. ಮೂರು ವರ್ಷ ಅದನ್ನೇ ನಂಬಿ ಬದುಕಿದ್ದ!

ಓದುಗರೇ, ಅವಳ ಜಾಗದಲ್ಲಿ ಒಂದು ಗಳಿಗೆ ನಿಂತು ನೋಡಿ. ಎದುರಿಗೆ ಅವಳು ಬಯಸಿದ ಮನುಷ್ಯ, ಕಣ್ಣಲ್ಲಿ ನೀರು, ಬಾಯಲ್ಲಿ ಕ್ಷಮಿಸು ಎಂಬ ಮಾತು. 'ಕ್ಷಮಿಸಿದೆ' ಎಂದರೆ ಸಾಕು. ಇವತ್ತೇ ಅವನವ್ವ ಉಡಿಗಾಲದ ಬಸ್ಸು ಹತ್ತುತ್ತಾಳೆ. ನಿಜ ಹೇಳಿದರೆ ಏನು ಉಳಿಯುತ್ತದೋ ಗೊತ್ತಿಲ್ಲ.

'ಸುಮ್ಮನಿದ್ದುಬಿಡಲೇ? ಇನ್ನೊಂದು ಸಲ?'

ಅವಳ ದೃಷ್ಟಿ ಅಂಗಡಿಯ ಒಳಗೆ ಹೋಯಿತು. ದೇವರ ಪಟದ ಪಕ್ಕದ ಹಲಗೆಯ ಮೇಲೆ ಒಂದು ಮೂರಂಗುಲದ ಹಡಗಿತ್ತು. ಹಾಯಿ ಮುಂದಕ್ಕೆ ಉಬ್ಬಿತ್ತು. ಬಾವುಟ ಮಾತ್ರ ಹಿಂದಕ್ಕೆ ಹಾರುತ್ತಿತ್ತು. ಅದರ ಕಂಬ ಎಲ್ಲೂ ಸೀಳಿರಲಿಲ್ಲ.

ಇಷ್ಟು ವರ್ಷ ಇಟ್ಟುಕೊಂಡಿದ್ದಾನೆ... ಇಂಥವನ ಮುಂದೆ ಇನ್ನೊಂದು ಸಲ ಬಾಯಿ ಮುಚ್ಚಿಕೊಂಡು ನಿಲ್ಲಲು ಅವಳಿಂದ ಆಗಲಿಲ್ಲ.

"ನಿನ್ನ ಗಮ್ಮಿಂದ ಆಗಿದ್ದಲ್ಲ ನಿಂಗ. ಮುಚ್ಚಳ ಮುಚ್ಚಿದ್ದು ನಾನು. ಶುಕ್ರವಾರ ನೀನು ಬಸ್ಸಿಗೋದ ಮ್ಯಾಲೆ, ಆವತ್ತೇ."

ಅವನು ಅರ್ಥವಾಗದವನಂತೆ ನೋಡಿದ.

"ಬೆಳಗ್ಗೆ ಮೊದಲ್ನೇ ಬಸ್ಸಿಗೆ ಬರ್ಬೇಕಿತ್ತು ನಂಗೆ. ನೀನು ಕಾಯ್ತಿರ್ತೀಯ ಅಂತ. ಸಾರ್ ಕೇಳ್ದಾಗ ಹೆದರ್ಕೊಂಡೆ. ನೀನು ಗೊತ್ತಿದ್ದೂ ನನ್ನ ಉಳಿಸ್ದೆ ಅಂದ್ಕೊಂಡೆ. ಅವತ್ತು ಎಂಟು ಗಂಟೆಗೇ ಗುಂಡ್ಲುಪೇಟೆಲಿ ಬಂದು ಇಳಿದ್ನಲ್ಲ, ಡಬ್ಬಿ ಯಾವಾಗ ಮುಚ್ಚಿರ್ತಾಳೆ ಅಂತ ನೀನು ಯೋಚ್ನೆ ಮಾಡಿರ್ತೀಯ ಅಂತ..."

"ನೀನು ಬಸ್ಸಿಳಿಯೋದ ನೋಡ್ತಿದ್ದೆ ನಾನು" ಎಂದ ಅವನು ಮೆಲ್ಲಗೆ. "ಗಂಟೆ ನೋಡ್ಲಿಲ್ಲ."

ಲಾರಿಯ ಡ್ರೈವರ್ ಏನೋ ಕೂಗಿದ. ಇಬ್ಬರಿಗೂ ಕೇಳಿಸಲಿಲ್ಲ.

"ಮೂರು ವರ್ಷ" ಎಂದ ನಿಂಗರಾಜು. "ಗಮ್ಮಿನ ವಾಸ್ನೆ ಬಂದ್ರೆ ಕೈ ನಡುಗೋದು ಕಣಮ್ಮಿ ನಂಗೆ. ದಾರ ಮುಟ್ಟಿಲ್ಲ ಅವತ್ತಿಂದ. ನನ್ನ ಕೈಯೇ ಕೆಟ್ಟದ್ದು ಅಂದ್ಕೊಂಡಿದ್ದೆ."

"ಬಯ್ಯಿ ನನ್ನ."

"ಬಯ್ಯಾಕೂ ಬತ್ತಾ ಇಲ್ಲ. ಈಗ ಓಗು ಭಾನು."

ಅವಳು ಕರವಸ್ತ್ರ ಬಿಚ್ಚಿ, ಬಣ್ಣ ಮರಳಿದ ಹಡಗನ್ನು ಅವನ ಮೇಜಿನ ಮೇಲಿಟ್ಟಳು. ಎಣ್ಣೆಯ ವಿಷಯ ಹೇಳಿದಳು. ಸಾರ್ ಹೇಳಿದ ಸ್ಟೂಲಿನ ಮಾತನ್ನೂ ಹೇಳಿದಳು. ಹೊರಟವಳು ಬಾಗಿಲಲ್ಲಿ ನಿಂತಳು.

"ನೀನು ಕ್ಷಮ್ಸು ಅಂದಾಗ ಹೂಂ ಅಂದ್ಬುಡಬೋದಿತ್ತು. ನೀನಂದ್ರೆ ಪ್ರಾಣ ನಂಗೆ. ಅದ್ಕೇ ಸುಳ್ಳಿನ ಮ್ಯಾಲೆ ನಿನ್ನ ಕೂಡ ಬಾಳಾಕೆ ಆಗಲ್ಲ."

ಅವನು ತಲೆ ಎತ್ತಲಿಲ್ಲ. ವಾಪಸು ಬರುವ ಬಸ್ಸಿನಲ್ಲಿ ಭಾನು ಕಿಟಕಿಗೆ ಮುಖ ತಿರುಗಿಸಿ ಚಾಮರಾಜನಗರದ ತನಕ ಅತ್ತಳು. ಪಕ್ಕದಲ್ಲಿ ಕೂತಿದ್ದ ಅಜ್ಜಿ ಏನೂ ಕೇಳದೆ ತನ್ನ ಚೀಲದಿಂದ ಒಂದು ಬಾಳೆಹಣ್ಣು ತೆಗೆದುಕೊಟ್ಟಳು.

*

ಆಷಾಢ ಮುಗಿಯಿತು. ಫೋನು ಬರಲಿಲ್ಲ, ಮೆಸೇಜು ಬರಲಿಲ್ಲ. ಅವಳು ಕಾಯಲೂ ಇಲ್ಲ ಎಂದು ಹೇಳಿದರೆ ಅದು ಸುಳ್ಳಾಗುತ್ತದೆ. ಮೆಟ್ಟಿಲ ಮೇಲೆ ಚಪ್ಪಲಿ ಸದ್ದಾದಾಗಲೆಲ್ಲ ಅವಳ ಬ್ರಶ್ಶು ಗಾಳಿಯಲ್ಲಿ ನಿಲ್ಲುತ್ತಿತ್ತು. ಕೊರಿಯರ್‌ನವನು, ನೀರಿನವನು, ಕಟ್ಟಡದ ಓನರ್... ಬೇರೆ ಯಾರೂ ಇಲ್ಲ. ಸಂಜೆ ಬೀಗ ಹಾಕುವಾಗ ಆ ಖಾಲಿ ಸ್ಟೂಲನ್ನು ನೋಡಬಾರದು ಎಂದುಕೊಳ್ಳುತ್ತಿದ್ದಳು, ನೋಡುತ್ತಿದ್ದಳು.

ಉಳಿದ ಇಪ್ಪತ್ತಮೂರು ಹಡಗಿಗೂ ಎಣ್ಣೆ ಸವರಿ, ಒರೆಸಿ, ಬಣ್ಣ ಮರಳಿಸಿದಳು. ಗುರುಪಾದಸ್ವಾಮಿ ಇಂಗ್ಲೆಂಡಿಗೆ ಬರೆದರು. ಹಿರಿಯರಿಗೆ ಈಗ ಎಂಬತ್ತಮೂರು, ಇನ್ನೂ ದಾಳ ಉರುಳಿಸುತ್ತಾರೆ, ಕಳಿಸಿ ಎಂದು ಉತ್ತರ ಬಂತು. ಆದರೆ ಹೋಗಿಬಂದ ಪ್ರಯಾಣದಲ್ಲಿ ದಾರಗಳು ಕಿತ್ತುಹೋಗಿದ್ದವು. ಅವಳೇ ಕೂತು ಕಟ್ಟತೊಡಗಿದಳು.

ಶ್ರಾವಣದ ಮೊದಲ ಶುಕ್ರವಾರ ಬೆಳಗ್ಗೆ, ತಲೆ ತಗ್ಗಿಸಿ ದಾರ ಬಿಗಿಯುತ್ತಿದ್ದಾಗ ಮೇಜಿನ ಮೇಲೆ ನೆರಳು ಬಿತ್ತು. ಯಾರದೋ ಕೈ ಬಂದು ಒಂದು ಹಡಗನ್ನು ಎತ್ತಿಕೊಂಡಿತು.

"ಈ ದಾರ ಕಟ್ಟಿದ್ದು ಯಾರು?"

ಭಾನು ತಲೆ ಎತ್ತಲಿಲ್ಲ. ಎತ್ತಿದರೆ ಅದು ಕನಸಾಗಿಬಿಡುತ್ತದೆ ಎಂಬ ಹೆದರಿಕೆ.

"ನಾನೇ" ಎಂದಳು. "ಏನಾಯ್ತು?"

"ಸಡ್ಲ ಅದೆ."

ಅಂಗಿಯ ಮೇಲೆ ಬಸ್ಸಿನ ಧೂಳು. ಅವನು ಸ್ಟೂಲು ಎಳೆದುಕೊಂಡು ಕೂತ. ಚೀಲದಿಂದ ಅವಳು ಬಿಟ್ಟುಬಂದಿದ್ದ ಹಡಗನ್ನು ತೆಗೆದು ಸಾಲಿಗೆ ಸೇರಿಸಿದ. ಇನ್ನೊಂದನ್ನು ಮೇಜಿನ ಮೂಲೆಯಲ್ಲಿಟ್ಟ. ಬಾವುಟ ಹಿಂದಕ್ಕೆ ಹಾರುವ ಆ ಹನ್ನೆರಡನೇ ಹಡಗು. ಡ್ರಾಯರು ತೆರೆದ. ಮೂರು ವರ್ಷದ ಹಿಂದೆ ಒರೆಸಿಟ್ಟ ಚಿಮುಟ ಅಲ್ಲೇ ಇತ್ತು.

ಗುರುಪಾದಸ್ವಾಮಿ ಒಳಗಿನಿಂದ ನೋಡಿದರು. ಮೂರು ಕಾಫಿ ತರಲು ತಾವೇ ಕೆಳಗಿಳಿದು ಹೋದರು.

ಗಮ್ಮಿನ ಬಾಟಲಿ ತೆರೆದಾಗ ಅವನ ಬೆರಳು ನಡುಗಿತು. ಭಾನು ನೋಡಿದಳು. ಬಾಟಲಿಯನ್ನು ತಾನು ಹಿಡಿದುಕೊಂಡಳು. ಅವನು ಸೂಜಿಯ ತುದಿಯನ್ನು ಅದರಲ್ಲಿ ಅದ್ದಿ ಮೊದಲ ಗಂಟಿಗೆ ಇಟ್ಟ. ಎರಡನೆಯದಕ್ಕೆ ನಡುಕ ಕಡಿಮೆಯಾಯಿತು. ಸಂಜೆಯ ಹೊತ್ತಿಗೆ ಇಪ್ಪತ್ತನಾಲ್ಕೂ ಮುಗಿದವು. ದಿನವೆಲ್ಲ ಅವರಾಡಿದ್ದು ದಾರದ ಮಾತು, ಬಣ್ಣದ ಮಾತು ಅಷ್ಟೆ.

ಅವಳು ಹಡಗುಗಳನ್ನು ಡಬ್ಬಿಗಿಳಿಸಿ ಮುಚ್ಚಳಗಳನ್ನು ಪಕ್ಕದಲ್ಲಿ ಸಾಲಾಗಿ ಇಟ್ಟಳು. ಅವನು ಚೀಲ ಹೆಗಲಿಗೇರಿಸಿ ಅವಳ ಮೇಜಿನ ಹತ್ತಿರ ನಿಂತ.

"ಕೋಪ ಹೋಯ್ತಾ?" ಎಂದಳು ಭಾನು. 

"ಇಲ್ಲ. ಇನ್ನೂ ಅದೆ." ಚೀಲವನ್ನು ಮತ್ತೆ ಕೆಳಗಿಟ್ಟು ಹೇಳಿದ. "ಆದ್ರೆ ನೀನಿಲ್ದೆ ಕೋಪ ಮಾಡ್ಕೊಂಡು ಕೂತ್ಕೊಳ್ಳೋದು ಕಷ್ಟ ಆಯ್ತು ಕಣಮ್ಮಿ. ಎದುರಿಗೇ ಇದ್ದು ಮಾಡ್ಕೋತೀನಿ."

ಅವಳಿಗೆ ನಗುವೂ ಬಂತು, ಅಳುವೂ ಬಂತು. ಮೊದಲು ಯಾವುದಕ್ಕೆ ದಾರಿ ಬಿಡುವುದೆಂದು ತಿಳಿಯದೆ ಅವನ ಅಂಗಿಯ ತೋಳು ಹಿಡಿದುಕೊಂಡಳು.

"ನಾಳೆ ಶ್ರಾವಣ ಶನಿವಾರ" ಎಂದ ಅವನು. "ಬೆಟ್ಟಕ್ಕೆ ಹೋಗನ ಬತ್ತೀಯ? ಅವ್ವನೂ ಬತ್ತಳೆ."

"ಬತ್ತೀನಿ. ಮನೇಲೂ ಹೇಳೇ ಬತ್ತೀನಿ. ಆದ್ರೆ ಮೊದಲ್ನೇ ಬಸ್ಸಿಗೆ ಆಗಲ್ಲ." ಅವಳು ತೆರೆದಿದ್ದ ಡಬ್ಬಿಗಳ ಕಡೆ ನೋಡಿದಳು. "ಬೆಳಗ್ಗೆ ಇಲ್ಲಿಗೆ ಬಂದು ಮುಚ್ಚಳ ಮುಚ್ಬೇಕು. ತಡ ಆಯ್ತದೆ."

"ಆಗ್ಲಿ" ಎಂದ ನಿಂಗರಾಜು. "ಕಾಯ್ತೀನಿ."